ಒಂದೇ ಉಸಿರಿನ ವಾಕ್ಯ

ಅವತ್ತು ಬೆಳಿಗ್ಗೆ ಯಾರೂ ಅಳಲಿಲ್ಲ. ಎಚ್ಚರವಾದಾಗ ವರಲಕ್ಷ್ಮಿಗೆ ಮೊದಲು ತಿಳಿದದ್ದು ಅದೇ. ತಿಥಿ ಮುಗಿದು ಹಿಂದಿನ ಸಂಜೆ ಕೊನೆಯ ನೆಂಟರೂ ದೇವನಹಳ್ಳಿಯ ಬಸ್ಸು ಹತ್ತಿ ಹೋಗಿದ್ದರು. ಅಲ್ಲಿಯವರೆಗೆ ಬೆಳಗಾಗುವುದೆಂದರೆ ಹೊಸದಾಗಿ ಬಂದವರು ಬಾಗಿಲಲ್ಲೇ ದನಿ ತೆಗೆಯುವುದು, ಒಳಗಿನಿಂದ ಅತ್ತೆ ಮುನಿವೆಂಕಟಮ್ಮ ಅದಕ್ಕೆ ದನಿ ಕೂಡಿಸುವುದು. ಈಗ ಹಿತ್ತಲಲ್ಲಿ ಎಮ್ಮೆ ಕೊಡವಿಕೊಂಡ ಸದ್ದು, ಅತ್ತೆ ತಂಬಿಗೆ ಕೆಳಗಿಟ್ಟ ಸದ್ದು, ಆಚೆ ತೋಟದಲ್ಲಿ ಪಂಪ್‌ಸೆಟ್ಟಿನ ಸದ್ದು. ಕರೆಂಟು ಬಂದಿದೆ ಎಂದುಕೊಂಡಳು. ಗಂಡ ಸತ್ತವಳಿಗೆ ಕರೆಂಟು ಬಂದದ್ದು ಗೊತ್ತಾಗಬಾರದೇನೋ ಎಂದೂ ಅನಿಸಿತು. ಅನಿಸಿದ್ದು ಎದೆಯವರೆಗೆ ಇಳಿಯಲಿಲ್ಲ. ಎದ್ದು ಚಾಪೆ ಸುತ್ತಿದಳು. ಬಳೆಯಿಲ್ಲದ ಕೈ ಹಗುರವಾಗಿತ್ತು. ಪರೀಕ್ಷೆಯ ಹಾಲಿನಲ್ಲಿ ಬರೆಯುವ ಮುಂಚೆ ಬಳೆಗಳನ್ನು ಮೊಣಕೈಯ ಕಡೆಗೆ ಒತ್ತಿಕೊಳ್ಳುತ್ತಿದ್ದದ್ದು ನೆನಪಾಗಿ, ಇನ್ನು ಬರೆಯುವುದು ಸುಲಭ ಎಂಬ ಮಾತು ತಾನಾಗಿ ತಲೆಯೊಳಗೆ ಬಂತು. ಆ ಮಾತಿಗೆ ಅವಳೇ ಬೆಚ್ಚಿದಳು. ಯಾರಾದರೂ ಕೇಳಿಸಿಕೊಂಡರೇನೋ ಎಂಬಂತೆ ಬಾಗಿಲ ಕಡೆ ನೋಡಿದಳು.

ಬಾಗಿಲಾಚೆ ಪಕ್ಕದ ಮನೆಯ ಅಂಜಿನಮ್ಮ ಮಜ್ಜಿಗೆಗೆ ಬಂದಿದ್ದಳು.

"ಸೊಸೆ ಎದ್ದವಳೇನೇ?"

"ಎದ್ದವಳೆ. ಓದಿದೋಳು ನೋಡು, ಕಣ್ಣಲ್ಲಿ ನೀರೇ ಬರಾಕಿಲ್ಲ ಅವಳ್ಗೆ."

"ಓದಿದ್ರೆ ನೀರು ಬತ್ತೋಯ್ತದೇನೇ ಮುನಿವೆಂಕ್ಟಮ್ಮ?"

"ನಂಗೇನ್ ಗೊತ್ತು. ನಾನು ಓದಿಲ್ಲ, ನಂಗೆ ಬರ್ತದೆ."

ಅಂಜಿನಮ್ಮ ನಕ್ಕಳು. ಅತ್ತೆಯೂ ಸ್ವಲ್ಪ ನಕ್ಕಿರಬೇಕು. ವರಲಕ್ಷ್ಮಿ ಹಿತ್ತಲಿಗೆ ಹೋಗಿ ಬೂದಿ ತಗೊಂಡು ಪಾತ್ರೆಗೆ ಕೂತಳು. ಮುನಿವೆಂಕಟಮ್ಮ ಕೆಟ್ಟವಳಲ್ಲ. ಅಪ್ಪನ ಒಡಹುಟ್ಟಿದ ಅಕ್ಕ. ಚಿಕ್ಕಂದಿನಲ್ಲಿ ದೊಡ್ಡಬಳ್ಳಾಪುರಕ್ಕೆ ಬಂದಾಗಲೆಲ್ಲ ಮಡಿಲಲ್ಲಿ ಅವರೆಕಾಯಿ ಕಟ್ಟಿಕೊಂಡು ಬರುತ್ತಿದ್ದವಳು. "ನಿನ್ನ ಮಗಳನ್ನ ಓದ್ಸು, ಓದ್ಸಿ ನನ್ನ ಮಗನಿಗೇ ಕೊಡು" ಎಂದು ತಮಾಷೆಗೆ ಅನ್ನುತ್ತಿದ್ದಳು. ಬೆಂಗಳೂರಿನಲ್ಲಿ ಎಂ.ಎ.ಯ ಮೊದಲ ವರ್ಷ ಮುಗಿದ ಬೇಸಿಗೆಯಲ್ಲಿ ಆ ತಮಾಷೆ ಲಗ್ನಪತ್ರಿಕೆಯಾಗಿತ್ತು. ಈಗ ಅತ್ತೆ ಮಜ್ಜಿಗೆ ಚೊಂಬು ಕೊಟ್ಟು ಕಳಿಸಿ ಹಿತ್ತಲ ಬಾಗಿಲಿಗೆ ಬಂದು ನಿಂತಳು.

"ಲಚ್ಮೀ, ಇವತ್ತು ಇಸ್ಕೂಲ್ ತಾವ ಹೋಗ್ಬಾ. ಎಡ್ಮಾಸ್ಟ್ರು ತಿಥಿ ಊಟಕ್ಕೆ ಬಂದಾಗ್ಲೇ ಅಂದವ್ರೆ. ಹೆಂಡ್ತಿ ಬಾಯಿಂದ್ಲೇ ಬರ್ಬೇಕಂತೆ ಆ ಮಾತು. ಹಂಗೇ ಆ ರೇಡಿಯೋನೂ ಇಸ್ಕೂಲಿಂದು, ಕೊಟ್ಬಿಡು. ಸಾಲ ತಂದಿದ್ ಸಾಮಾನು ಮನೇಲಿದ್ರೆ ಅವನ ಜೀವ ಇಲ್ಲೇ ಸುತ್ತಾಡ್ತದೆ."

"ಹೂಂ."

"ಪಿಳ್ಳಪ್ಪನ ಹೆಸರು ಹೇಳು. ನೀನು ನನ್ನ ತಮ್ಮನ ಮಗಳು, ನಿನ್ನ ಕೈ ಬಿಡ್ತೀನಾ? ನಿಂಗೆ ಓದೈತೆ, ಎಲ್ಲೋದ್ರೂ ಬದುಕ್ತೀಯ. ಅವ್ನಿಗೇನೈತೆ?"

"ಹೂಂ" ಎಂದಳು ಮತ್ತೆ. ತರಗತಿಯಲ್ಲಿ ಅರ್ಥವಾಗದಿದ್ದಾಗ ಅನ್ನುತ್ತಿದ್ದ ಹೂಂ ಅದು, ಪ್ರೊಫೆಸರರು ಮುಂದಕ್ಕೆ ಹೋಗಲಿ ಎಂದು. ಮೈದುನ ಪಿಳ್ಳಪ್ಪ ಎಸ್ಸೆಸ್ಸೆಲ್ಸಿ ಮುಗಿಸಿ ಎರಡು ಸಲ ಪೊಲೀಸು ಕೆಲಸಕ್ಕೆ ಹೋಗಿ ಎದೆಯಳತೆ ಸಾಲದು ಎಂದು ವಾಪಸು ಬಂದಿದ್ದ. ಮೇಷ್ಟ್ರು ನೌಕರಿಯಲ್ಲಿದ್ದಾಗಲೇ ಸತ್ತರೆ ಮನೆಯ ಒಬ್ಬರಿಗೆ ಸರ್ಕಾರ ಕೆಲಸ ಕೊಡುತ್ತದೆ. ಒಂದೇ ಹೆಸರು ಮೇಲಕ್ಕೆ ಹೋಗುತ್ತದೆ. ಪಿಳ್ಳಪ್ಪನಾದರೆ ಯಾವುದಾದರೂ ಆಫೀಸಿನ ಜವಾನ. ಅವಳಾದರೆ ಇದೇ ಶಾಲೆಗೆ ಮೇಷ್ಟ್ರು. ಹೆಡ್‌ಮಾಸ್ಟರ್ ಮುನಿರಾಮಯ್ಯ ಎಲೆಯ ಮುಂದೆ ಕೂತೇ ಅದನ್ನು ಹೇಳಿದ್ದರು, ಬಡಿಸುತ್ತಿದ್ದವರೆಲ್ಲ ಕೇಳುವ ಹಾಗೆ. ಅಪ್ಪನೂ ಕೇಳಿಸಿಕೊಂಡಿದ್ದ. ಊಟವಾದ ಮೇಲೆ ಅಪ್ಪ ಅವಳನ್ನು ಪಕ್ಕಕ್ಕೆ ಕರೆದು, "ಸ್ವಲ್ಪ ದಿನ ಇಲ್ಲೇ ಇರಮ್ಮ. ನಿನ್ ತಂಗೀನ ನೋಡೋಕೆ ಬರೋರಿದಾರೆ, ಅದೊಂದು ಆಗ್ಲಿ" ಎಂದಿದ್ದ. ನೋಡಲು ಬರುವವರ ಕಣ್ಣಿಗೆ ಅವಳು ಬೀಳಬಾರದು ಎಂಬುದನ್ನು ಹೇಳದೆ ಬಿಟ್ಟಿದ್ದ. ಹಾಗಾಗಿ ಮೇಲಕ್ಕೆ ಹೋಗುವ ಆ ಒಂದು ಹೆಸರಿನಲ್ಲಿ ಎಲ್ಲವೂ ಇತ್ತು. ತನ್ನದನ್ನು ಹೇಳದಿದ್ದರೆ ಉಳಿಯುವುದು ಹಿತ್ತಲ ಕೋಣೆ, ಎಮ್ಮೆ, ಮಜ್ಜಿಗೆಗೆ ಬರುವವರು. ಬಾಣಲೆಯ ತಳದ ಮಸಿ ಉಜ್ಜುತ್ತಾ ಅವಳು ತೀರ್ಮಾನಿಸಿದಳು: ನನ್ನ ಹೆಸರೇ ಹೇಳುತ್ತೇನೆ. ತೀರ್ಮಾನದಿಂದ ಏನೂ ಸುಖವಾಗಲಿಲ್ಲ. ಮಸಿಯೂ ಪೂರ್ತಿ ಹೋಗಲಿಲ್ಲ.

ರೇಡಿಯೋವನ್ನು ಸೆರಗಿನೊಳಗೆ ಮುಚ್ಚಿಕೊಂಡು ಹೋಗೆಂದು ಅತ್ತೆ ಹೇಳಿದ್ದಳು. ಗಂಡ ಸತ್ತೋಳು ರೇಡಿಯೋ ಹಿಡ್ಕಂಡು ಹೊಂಟವಳೆ ಅಂದಾರು. ಕಂಕುಳಲ್ಲಿ ಅದು ಮಲಗಿದ ಮಗುವಿನಷ್ಟು ಭಾರವಿತ್ತು. ಶಾಲಾ ಪ್ರಸಾರ ಕೇಳಿಸಲೆಂದು ಇಲಾಖೆಯವರು ಕೊಟ್ಟದ್ದು. ಮಕ್ಕಳ ಪಾಠದ ಹೊತ್ತಿಗೆ ಅದು ಬರೀ ಗೊರಗೊರ ಅನ್ನುತ್ತದೆಂದು ಹೆಡ್‌ಮಾಸ್ಟರು ಬೀರುವಿನಲ್ಲಿಟ್ಟಿದ್ದನ್ನು ಗಂಡ ಗೋಪಾಲಪ್ಪ ಕೇಳಿ ಮನೆಗೆ ತಂದಿದ್ದ. ಹೋದ ಡಿಸೆಂಬರಿನ ಯುದ್ಧದಲ್ಲಿ ಊರವರೆಲ್ಲ ಜಗಲಿಗೆ ಬಂದು ಢಾಕಾ ಎಷ್ಟು ದೂರ ಎಂದು ಜಗಳವಾಡುತ್ತಿದ್ದರು. ಅವರು ಎದ್ದು ಹೋದ ಮೇಲೆ ಅವನು ಮುಳ್ಳು ತಿರುಗಿಸಿ ಇಂಗ್ಲಿಷ್ ವಾರ್ತೆಗೆ ಬರುತ್ತಿದ್ದ. ವಾರ್ತೆ ಓದುವವನ ಹಿಂದೆಯೇ ಪಿಸುಮಾತಿನಲ್ಲಿ ಓದುತ್ತಿದ್ದ, ಅರ್ಧ ವಾಕ್ಯ ಹಿಂದೆ, ಬಂಡಿಯ ಹಿಂದೆ ನಡೆಯುವವನ ಹಾಗೆ. ಮದುವೆಯಾದ ಹೊಸತರಲ್ಲಿ ಒಮ್ಮೆ ತಿರುಗಿ ಕೇಳಿದ್ದ: "ಹೆಂಗೈತೆ ನನ್ನ ಇಂಗ್ಲಿಷು?" ಚೆನ್ನಾಗಿದೆ ಎಂದಿದ್ದಳು. ಆದರೆ ಅಂದ ಧಾಟಿ ಅವಳದಲ್ಲ, ಸೆಂಟ್ರಲ್ ಕಾಲೇಜಿನ ಪ್ರೊಫೆಸರರು ಹಳ್ಳಿಯಿಂದ ಬಂದ ಹುಡುಗಿಯರಿಗೆ ಅನ್ನುತ್ತಿದ್ದ ಧಾಟಿ; ಅವಳಿಗೇ ಅಂದಿದ್ದ ಧಾಟಿ. ಅವನು ತಲೆಯಾಡಿಸಿದ್ದ. ಮಾರನೆಯ ದಿನದಿಂದ ಗೋಡೆಗೆ ಮುಖ ಮಾಡಿ, ದನಿ ತಗ್ಗಿಸಿ ಕೇಳತೊಡಗಿದ್ದ. ಅವಳು ಒಳಗೆ ಮುದ್ದೆಗೆ ಹಿಟ್ಟು ತೊಳಸುತ್ತಾ ಆ ಬೆನ್ನನ್ನು ನೋಡುತ್ತಿದ್ದಳು. ಬೆನ್ನು ಒಳ್ಳೆಯ ಬೆನ್ನು. ಓಟಗಾರನ ಬೆನ್ನು.

ಊರ ಬಾಗಿಲು ದಾಟುವಾಗ ಎದುರಿಗೆ ಪಾಪಯ್ಯ ನೇಗಿಲು ಹೊತ್ತು ಬಂದ. ಅವಳನ್ನು ಕಂಡವನು ನಿಂತ. ನೇಗಿಲನ್ನು ಹೆಗಲಿಂದಿಳಿಸಿ ಹೊಂಗೆಮರಕ್ಕೆ ಒರಗಿಸಿ, ಬುಡದಲ್ಲಿ ಕೂತ.

"ಬೀಡಿ ಮರ್ತ್ ಬಂದ್ಬಿಟ್ಟೆ ಕಣಮ್ಮ" ಎಂದ, ಅವಳು ಏನೂ ಕೇಳದೆಯೇ. ಕಿವಿಯ ಸಂದಿಯಲ್ಲಿ ಬೀಡಿ ಇತ್ತು. "ಎತ್ಲಾಗ್ ಹೊಂಟೆ? ಇಸ್ಕೂಲಿಗಾ?"

"ಹೌದು ಪಾಪಯ್ಯಣ್ಣ."

"ಹೋಗ್ಬಾ ತಾಯಿ. ಮೇಷ್ಟ್ರು ಚಿನ್ನದಂಥೋರು."

ಅವಳು ತಿರುವು ದಾಟುವವರೆಗೆ ಅವನು ಏಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮುಂಡೆ ಎದುರಾದರೆ ಗಂಡಸು ಸ್ವಲ್ಪ ಹೊತ್ತು ಕೂತು ಹೋಗಬೇಕು. ಅವಳ ಅಪ್ಪನೂ ಕೂರುತ್ತಿದ್ದ, ಅಜ್ಜಿಯೂ ನೀರು ಕುಡಿಸಿ ಕಳಿಸುತ್ತಿದ್ದಳು. ಸುಳ್ಳು ಹೇಳುವಷ್ಟು ಮರ್ಯಾದೆ ಪಾಪಯ್ಯನಿಗಿತ್ತು. ಅವನಿಗೆ ಹೊತ್ತಾಗಬಾರದೆಂದು ಅವಳು ಬೇಗ ಬೇಗ ನಡೆದಳು. ಹಾಗೆ ಬೇಗ ನಡೆದದ್ದೇ ದೊಡ್ಡ ಅವಮಾನವೆಂದು ಕೆರೆಯ ಏರಿ ಹತ್ತಿದ ಮೇಲೆ ಹೊಳೆಯಿತು.

ಏರಿಯ ಮೇಲೆ ಗಾಳಿಯಿತ್ತು. ನೀರು ತೂಬಿನ ಕಲ್ಲಿನಿಂದ ಹಿಂದಕ್ಕೆ ಸರಿದು ಒಡೆದ ಕೆಸರು ಕಾಣುತ್ತಿತ್ತು. ದೂರದಲ್ಲಿ ಆವತಿ ಬೆಟ್ಟ. ಗೋಪಾಲಪ್ಪ ಬಿದ್ದ ಜಾಗ ಯಾವುದೆಂದು ಅವಳಿಗೆ ಯಾರೂ ತೋರಿಸಿರಲಿಲ್ಲ, ಅವಳು ಕೇಳಿರಲೂ ಇಲ್ಲ. ಇಲ್ಲೇ ಎಲ್ಲೋ. ಹಾಗಾಗಿ ಎಲ್ಲಾ ಕಡೆಯೂ ಮೆಟ್ಟದೆ ನಡೆಯಬೇಕೆನಿಸಿ ಹೆಜ್ಜೆ ತೊಡರುತ್ತಿತ್ತು. ಓಡುತ್ತಿದ್ದವನು ಎದೆ ಹಿಡಿದುಕೊಂಡು ಕೂತ, ಮಕ್ಕಳು ಕೂಗಿಕೊಂಡರು, ಜನ ಬಂದರು, ಬರುವಷ್ಟರಲ್ಲಿ ಆಗಿಹೋಗಿತ್ತು. ಹೀಗೆ ಅವಳಿಗೆ ಹೇಳಿದ್ದರು. ಓಡೋ ವಯಸ್ಸಾ ಅದು, ಇಂಗ್ಲಿಷ್ ಮೇಷ್ಟ್ರಿಗೆ ಯಾಕಪ್ಪಾ ಡ್ರಿಲ್ಲು ಎಂದೂ ತಿಥಿಯಲ್ಲಿ ಯಾರೋ ಅಂದಿದ್ದರು. ಅವರಿಗೆ ಗೊತ್ತಿರಲಿಲ್ಲ, ಅದು ಡ್ರಿಲ್ಲಲ್ಲ, ಇಂಗ್ಲಿಷ್ ಪಾಠವೇ.

ಅವಳ ಇಂಗ್ಲಿಷ್ ಪಾಠಕ್ಕೆ ಮಗ್ಗದ ಸದ್ದಿತ್ತು. ದೊಡ್ಡಬಳ್ಳಾಪುರದ ಹೈಸ್ಕೂಲಿನ ಗೋಡೆಯಾಚೆಯೇ ನೇಯುವವರ ಬೀದಿ. ಲಾಳಿ ಅತ್ತ ಇತ್ತ ಹೋಗುವ ಲಯಕ್ಕೆ ಸರಿಯಾಗಿ ಇಂಗ್ಲಿಷ್ ಮೇಷ್ಟ್ರು ನೆಕ್ಸ್ಟ್, ನೆಕ್ಸ್ಟ್ ಅನ್ನುತ್ತಿದ್ದರು. ಸಾಲಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ವಾಕ್ಯ. ಹುಡುಗಿಯರೆಲ್ಲ ಮುಂದಿನವರನ್ನು ಎಣಿಸಿ ತಮ್ಮ ಪಾಲಿಗೆ ಬರುವ ವಾಕ್ಯ ಯಾವುದೆಂದು ಕಂಡುಕೊಂಡು ಅದೊಂದನ್ನೇ ತುಟಿಯೊಳಗೆ ಉರುಹೊಡೆಯುತ್ತಿದ್ದರು. ಕತೆ ಏನಾಯಿತೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಬ್ಬ ಮುದುಕ ಊರಿಗೆ ಹೊರಡುತ್ತಿದ್ದ, ಅವನು ಹೋಗಿ ಸೇರಿದನೋ ಇಲ್ಲವೋ ಹಿಂದಿನ ಬೆಂಚಿನವರ ಸಮಾಚಾರ. ಒಂದು ದಿನ ಮುಂದಿನ ಹುಡುಗಿ ಅಳುತ್ತಾ ನಿಂತುಬಿಟ್ಟಳು, ಅವಳ ವಾಕ್ಯವೂ ವರಲಕ್ಷ್ಮಿಯ ಪಾಲಿಗೆ ಬಂತು. ಬಾಯಿ ತೆರೆದಳು, ಮಗ್ಗದ ಸದ್ದು ಕೇಳಿಸಿತು, ಅಷ್ಟೇ. ಮೇಷ್ಟ್ರು ಬೈಯಲಿಲ್ಲ. ನೆಕ್ಸ್ಟ್ ಎಂದರು. ಆ ನೆಕ್ಸ್ಟಿನ ಮೇಲೆ ಹಟ ಹಿಡಿದು ಅವಳು ಇಂಗ್ಲಿಷ್ ಓದಿದ್ದಳು. ಬೆಳಗಿನ ರೈಲಿನಲ್ಲಿ, ಯಲಹಂಕದ ಸಿಗ್ನಲ್ಲಿಗೆ ನಿಂತಾಗಲೂ ತಲೆಯೆತ್ತದೆ ಓದಿದ್ದಳು. ಶಾಲೆಯಲ್ಲಿ ಹುಡುಗರು ಓಡುವಾಗ ಹುಡುಗಿಯರಿಗೆ ಚಮಚದ ಮೇಲೆ ನಿಂಬೆಹಣ್ಣಿಟ್ಟು ನಡೆಯುವ ಪಂದ್ಯವಿತ್ತು, ಅದರಲ್ಲೂ ಅವಳ ನಿಂಬೆಹಣ್ಣು ಬೀಳುತ್ತಿತ್ತು. ಗೋಪಾಲಪ್ಪನದು ತಿರುಗಾಮುರುಗಾ. ಅವನು ಬರಿಗಾಲಲ್ಲಿ ದೇವನಹಳ್ಳಿ ಹೈಸ್ಕೂಲಿಗೇ ಮೊದಲು ಬರುತ್ತಿದ್ದ, ಇಂಗ್ಲಿಷ್ ಪುಸ್ತಕ ತೆಗೆದರೆ ಬೆವರುತ್ತಿದ್ದ. ಒಂದು ದಿನ ಮೈದಾನದಿಂದ ನೇರ ತರಗತಿಗೆ ಬಂದವನನ್ನು ಎಬ್ಬಿಸಿ ಓದಿಸಿದಾಗ, ತಡವರಿಸದೆ ಓದಿಬಿಟ್ಟನಂತೆ. "ಏದುಸಿರು ಬಿಡೋವಾಗ ಹೆದ್ರಿಕೆಗೆ ಉಸಿರು ಮಿಗಲ್ಲ ಕಣೇ" ಎಂದು ಅವಳಿಗೆ ವಿವರಿಸಿದ್ದ. ಅದೇ ಅವನ ಬೋಧನಾ ಪದ್ಧತಿ. ಇಂಗ್ಲಿಷ್ ಪಿರಿಯಡ್ಡಿನಲ್ಲಿ ಏಳನೇ ತರಗತಿಯ ಮಕ್ಕಳನ್ನು ಏರಿಯ ಉದ್ದಕ್ಕೂ ಓಡಿಸಿ, ವಾಪಸು ಬಂದವರು ಬಂದ ಹಾಗೇ ಅಂಗಳದಲ್ಲಿ ಸಾಲಾಗಿ ನಿಂತು, ಒಬ್ಬೊಬ್ಬರು ಒಂದೊಂದು ವಾಕ್ಯ ಒಂದೇ ಉಸಿರಿಗೆ ಓದಬೇಕು. ಉಸಿರು ಆರಲು ಬಿಡಬಾರದು. ಮೊದಲ ಸಲ ಅದನ್ನು ಏರಿಯ ಮೇಲಿಂದ ನೋಡಿದಾಗ ಅವಳು ಬೆಂಗಳೂರಿನ ಗೆಳತಿಯರಿಗೆ ಹೇಳಲೆಂದು ಅದನ್ನೊಂದು ನಗೆಯ ಪ್ರಸಂಗವಾಗಿ ಇಂಗ್ಲಿಷಿನಲ್ಲೇ ಮನಸ್ಸಿನೊಳಗೆ ಬರೆದುಕೊಂಡಿದ್ದಳು, ತಿದ್ದಿದ್ದಳು. ಯಾರಿಗೂ ಹೇಳುವ ಸಂದರ್ಭ ಬರಲಿಲ್ಲ. ವಾಕ್ಯಗಳು ಮಾತ್ರ ಈಗಲೂ ಒಳಗೆ ಅಚ್ಚುಕಟ್ಟಾಗಿ ಇದ್ದವು.

ಶಾಲೆಯ ಮುಂದೆ ಮುನಿರಾಮಯ್ಯ ಉಪ್ಪಿಟ್ಟಿನ ರವೆ ಮೂಟೆ ತೂಗಿಸಿಕೊಳ್ಳುತ್ತಾ ನಿಂತಿದ್ದರು.

"ಬನ್ನಿ ತಾಯಿ, ಬನ್ನಿ. ಇದೊಂದು ಹುಳ ಬಿದ್ದಿರೋ ಮೂಟೆ ಸಾಗ್ಹಾಕ್ತವ್ರೆ ನಮಗೆ, ನೋಡ್ಕೊಂಡು ಬಂದ್ಬಿಡ್ತೀನಿ. ಏಳನೇ ಕ್ಲಾಸಿಗೆ ಅವತ್ತಿಂದ ಮೇಷ್ಟ್ರಿಲ್ಲ. ಒಂದು ಗಳಿಗೆ ಅಲ್ಲಿ ಕೂತಿರಿ." ನಂತರ ದನಿ ತಗ್ಗಿಸಿ, "ನಾಳೆ ನೀವೇ ಕೂರೋ ಕುರ್ಚಿ ಆಗ್ಬೋದು. ಅಭ್ಯಾಸ ಆಗ್ಲಿ" ಎಂದರು.

ಒಳಗೆ ಹೋದಾಗ ಮಕ್ಕಳು ಎದ್ದು ನಿಂತರು. ನಮಸ್ತೆ ಎಂದರು. ಅವಳು ರೇಡಿಯೋವನ್ನು ಸೆರಗಿನಿಂದ ಬಿಡಿಸಿ ಮೇಜಿನ ಕೆಳಗೆ ಇಟ್ಟು ಕುರ್ಚಿಯ ಪಕ್ಕದಲ್ಲಿ ನಿಂತಳು, ಕೂರಲಿಲ್ಲ. ಮಕ್ಕಳು ಹಣೆ ನೋಡುತ್ತಿದ್ದರು, ಕೈ ನೋಡುತ್ತಿದ್ದರು, ನೋಡಿ ಕಣ್ಣು ಕೆಳಗೆ ಹಾಕುತ್ತಿದ್ದರು. ಯಾವ ಪಾಠ ಎಂದು ಕೇಳಿದಳು. ಮೊದಲ ಸಾಲಿನ ಒಬ್ಬಳು ಪುಸ್ತಕ ತೆರೆದು ತಂದುಕೊಟ್ಟಳು. ಒಬ್ಬ ರೈತ ಹಸು ಮಾರಲು ಸಂತೆಗೆ ಹೋಗುವ ಪಾಠ.

"ಓದಿ" ಎಂದಳು.

"ಓಡ್ದಲೇ ಓದ್ಬೇಕಾ ಮೇಡಂ?" ಎಂದ ಹಿಂದಿನ ಬೆಂಚಿನವನೊಬ್ಬ.

"ಲೇ, ಓಡೋದ್ ಬೇಡ ಅಂದವ್ರೆ ಕಣೋ ಎಡ್ಮಾಸ್ಟ್ರು. ನಮ್ಮಪ್ಪಾನೂ ಓಡಿದ್ರೆ ಕಾಲ್ ಮುರಿತೀನಿ ಅಂದೈತೆ" ಎಂದ ಪಕ್ಕದವನು.

"ನಿಮ್ಮಪ್ಪ ಓಡ್ನೋಡ್ಲಿ ಮೊದ್ಲು, ಹೊಟ್ಟೆ ಹೊತ್ಕೊಂಡು."

ಕೆಲವರು ನಕ್ಕರು, ಅವಳ ಮುಖ ನೋಡಿ ನಿಲ್ಲಿಸಿದರು. ನಗು ನಿಂತದ್ದು ಅವಳಿಗೆ ಬೇಸರವಾಯಿತು. "ಓಡದೇ ಓದಿ, ಪರವಾಗಿಲ್ಲ" ಎಂದಳು. ಯಾರೂ ಶುರು ಮಾಡಲಿಲ್ಲ. ಏನನ್ನೋ ಕಾಯುತ್ತಿದ್ದಾರೆ ಎಂದು ತಿಳಿದು, ಅದೇನೆಂದೂ ತಿಳಿದು, "ನೆಕ್ಸ್ಟ್" ಎಂದಳು. ಮೊದಲ ಹುಡುಗಿ ಎದ್ದು ನಿಂತು ಪುಸ್ತಕ ಮುಖದ ಮಟ್ಟಕ್ಕೆ ಹಿಡಿದು ಉಸಿರೆಳೆದುಕೊಂಡಳು.

ಬಾಯಿಯಿಂದ, ಸದ್ದು ಬರುವಂತೆ, ಭುಜ ಮೇಲೆತ್ತಿ ಎಳೆದ ಉಸಿರು. ನೀರಿಗೆ ಮುಳುಗುವ ಮುಂಚಿನ ಉಸಿರು. ಎಳೆದುಕೊಂಡು ಒಂದು ಕ್ಷಣ ನಿಲ್ಲಿಸಿ ವಾಕ್ಯವನ್ನು ಕೊನೆಯ ಚುಕ್ಕೆಯವರೆಗೆ ಒಂದೇ ಓಟಕ್ಕೆ ಓದಿ ಕೂತಳು. ಮುಂದಿನವನು ಎದ್ದ, ಅದೇ ಉಸಿರು. ಅದರ ಮುಂದಿನವನು. ವಾರ್ತೆ ಓದುವವನ ಹಿಂದೆ ಹೊರಡುವ ಮುಂಚೆ ಗೋಡೆಯ ಕಡೆಗೆ ತಿರುಗಿದ ಗಂಡನ ಬೆನ್ನು ಹೀಗೇ ಏರುತ್ತಿತ್ತು. ಹಿಟ್ಟು ತೊಳಸುತ್ತಾ ಆ ಉಸಿರನ್ನು ಎಷ್ಟು ಸಲ ಕೇಳಿದ್ದಳೋ, ಕೇಳಿದ್ದು ಈಗ ಗೊತ್ತಾಗುತ್ತಿತ್ತು. ಸಾಲಿನಿಂದ ಸಾಲಿಗೆ ಅದು ಬರುತ್ತಿತ್ತು, ದಪ್ಪ ಎದೆಯಿಂದ, ಸಣ್ಣ ಎದೆಯಿಂದ, ನೆಗಡಿಯ ಮೂಗಿನಿಂದ. ಇವರನ್ನು ತಿದ್ದುವುದು ಬೇಡ ಎಂದುಕೊಂಡಳು. ಓಡಿಸೋಣ. ಹೆಡ್‌ಮಾಸ್ಟರಿಗೆ ಹೇಳಿ ಏರಿಯವರೆಗಲ್ಲ, ಅಂಗಳದಲ್ಲೇ ಓಡಿಸೋಣ, ನಾನೂ ಓಡಿದರೆ ಊರವರು ಏನನ್ನುತ್ತಾರೆ, ಅನ್ನಲಿ. ಎಷ್ಟೋ ದಿನಗಳ ಮೇಲೆ ಅವಳು ನಾಳೆ ಎಂಬುದನ್ನು ಯೋಚಿಸುತ್ತಿದ್ದಳು. ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟಳು. ರೈತ ಹಸು ಮಾರಿ, ಅಳುತ್ತಿದ್ದ ಮಗಳಿಗಾಗಿ ಅದನ್ನೇ ಮತ್ತೆ ಕೊಂಡು ಮನೆಗೆ ಬಂದ. ಪಾಠ ಮುಗಿಯಿತು. ಇಷ್ಟು ಸಲೀಸಾಗಿ ಓದುತ್ತಾರೆಂದು ಅವಳು ಎಣಿಸಿರಲಿಲ್ಲ.

"ಚೆನ್ನಾಗಿ ಓದಿದಿರಿ" ಎಂದಳು. ಈ ಸಲ ಧಾಟಿ ಅವಳದೇ ಆಗಿತ್ತು. "ಈ ಪಾಠ ಮೊದಲೇ ಆಗಿತ್ತಾ?"

"ಆಗಿತ್ತು ಮೇಡಂ" ಎಂದಳು ಪುಸ್ತಕ ಕೊಟ್ಟವಳು. ಹೆಸರು ಸೊಣ್ಣಮ್ಮ ಎಂದು ಪುಸ್ತಕದ ಮೇಲಿತ್ತು. "ಅವತ್ತು ನಾವೇ ಮುಗ್ಸಿದ್ವಿ."

"ಯಾವತ್ತು?"

"ಮೇಷ್ಟ್ರು ಬಿದ್ದಿದ್ರಲ್ಲ, ಅವತ್ತು. ಮೇಷ್ಟ್ರು ಯಾವಾಗ್ಲೂ ಹಿಂದ್ಗಡೆ ಬರ್ತಿದ್ರು, ನಿಧಾನ ಓಡೋರ್ನ ಅಟ್ಟಿಸ್ಕೊಂಡು. ಓಡೋವಾಗ ಹಿಂದೆ ತಿರುಗ್ಬಾರ್ದು, ತಿರುಗಿದ್ರೆ ಉಸಿರು ಕಡಿತದೆ ಅಂತಿದ್ರು. ನಾವ್ಯಾರೂ ತಿರುಗ್ಲಿಲ್ಲ ಮೇಡಂ."

"ನಾನ್ ತಿರುಗ್ದೆ ಒಂದ್ಸಲ" ಎಂದ ಹಿಂದಿನ ಬೆಂಚಿನವನು. "ಕೂತಿದ್ರು. ಸುಸ್ತಾಗೈತೆ, ಬರ್ತಾರೆ ಅಂದ್ಕೊಂಡೆ."

"ಬಂದು ಸಾಲು ನಿಂತ್ಕೊಂಡ್ವಿ. ಉಸಿರು ಆರ್ಬಾರ್ದಲ್ಲ, ಅದ್ಕೇ ಅವರು ಬರೋದ್ನ ಕಾಯ್ದಲೇ ಓದಿದ್ವಿ. ಪೂರ್ತಿ ಓದಿದ್ವಿ, ಯಾರೂ ತಪ್ಪಿಲ್ಲ. ಆಮೇಲೂ ಬರ್ಲಿಲ್ಲ. ಅದ್ಕೇ ಮತ್ತೆ ಮೊದ್ಲಿಂದ ಓದಿದ್ವಿ." ಸೊಣ್ಣಮ್ಮನ ಮುಖದಲ್ಲಿ ಕೆಲಸ ಸರಿಯಾಗಿ ಮಾಡಿದವರ ನೆಮ್ಮದಿಯಿತ್ತು. "ಆಮೇಲೆ ದನ ಕಾಯೋರು ಕೂಗಿದ್ರು." ಹಾಗೇ ಅವಳು ಕೇಳಿದಳು, "ಮುಂದಿನ ಪಾಠ ಮಾಡ್ತೀರಾ ಮೇಡಂ?"

ಎಲ್ಲರೂ ನೋಡುತ್ತಿದ್ದರು. ಹಾಳೆ ಮಗುಚಿದ ಸದ್ದು ಸಾಲುಗಳುದ್ದಕ್ಕೂ ಆಯಿತು; ಮುಂದಿನ ಪಾಠದಲ್ಲಿ ಒಂದು ಹಡಗಿನ ಚಿತ್ರವಿತ್ತು. ಅಂಗಳದಲ್ಲಿ ಸಾಲಾಗಿ ನಿಂತು ಏದುಸಿರಿನಲ್ಲಿ ಓದುವ ಮಕ್ಕಳು, ಅಲ್ಲಿಂದ ಕಣ್ಣೆತ್ತಿದರೆ ಕಾಣುವ ಏರಿ, ಏರಿಯ ಮೇಲೆ ಕೂತವನಿಗೆ ಕೇಳಿಸುತ್ತಿದ್ದ ಓದು. ಕೇಳಿಸಿತ್ತೇ? ಗಾಳಿ ಈ ಕಡೆಯಿಂದ ಬೀಸುತ್ತಿದ್ದರೆ ಕೇಳಿಸಿರುತ್ತದೆ. ಅವನು ತುಟಿಯಾಡಿಸಿರುತ್ತಾನೆ, ಅರ್ಧ ವಾಕ್ಯ ಹಿಂದೆ. ಯಾರೂ ತಪ್ಪಿಲ್ಲವಲ್ಲ ಎಂದುಕೊಂಡಿರುತ್ತಾನೆ. ಅವಳು ನೆಕ್ಸ್ಟ್ ಎಂದರೆ ಸಾಕು, ಮೊದಲ ಬೆಂಚು ಎದ್ದು ಆ ಉಸಿರನ್ನು ಎಳೆದುಕೊಳ್ಳುತ್ತದೆ. ನಾಳೆಯೂ, ನಾಡಿದ್ದೂ, ಇವರು ಹೋಗಿ ಇನ್ನೊಬ್ಬರು ಬಂದರೂ, ಪಿಂಚಣಿಯವರೆಗೂ ಅವಳೇ ಅದನ್ನು ಅನ್ನಬೇಕು, ಅಂದು ಮುಂದಕ್ಕೆ ಸಾಗಬೇಕು. ಬಾಯಿ ತೆರೆದಳು. ಪುಸ್ತಕ ಮುಚ್ಚಿ ಸೊಣ್ಣಮ್ಮನ ಕೈಗೆ ಕೊಟ್ಟಳು. "ಬೇರೆ ಮೇಷ್ಟ್ರು ಬರ್ತಾರೆ, ಅವರು ಮಾಡ್ತಾರೆ" ಎಂದು, ಬಗ್ಗಿ ರೇಡಿಯೋ ಎತ್ತಿಕೊಂಡು ಹೊರಗೆ ಬಂದಳು. ಸೆರಗು ಹೊದಿಸುವುದು ಮರೆತಿತ್ತು.

ಮುನಿರಾಮಯ್ಯ ಕೈಯ ರವೆ ಒದರಿಕೊಂಡು ಆಫೀಸಿಗೆ ಬಂದರು. ಕುರ್ಚಿ ತೋರಿಸಿದರು. ಕಾಗದ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು.

"ನೋಡಿ ತಾಯಿ, ನಾನಂತೂ ನಿಮ್ಮ ಹೆಸರೇ ಅಂದ್ಕೊಂಡಿದೀನಿ. ನಿಮ್ಮತ್ತೆ ಮನಸಲ್ಲಿ ಬೇರೆ ಐತೆ, ಗೊತ್ತು. ಅದ್ಕೇ ನಿಮ್ಮನ್ನೇ ಬರೋಕ್ ಹೇಳಿದ್ದು. ಇಲ್ಲಿ ಯಾರೂ ಇಲ್ಲ, ಹೇಳಿ."

"ಪಿಳ್ಳಪ್ಪ ಅಂತ ಬರೀರಿ."

ಅವರು ಬರೆಯಲಿಲ್ಲ. "ಇನ್ನೊಂದ್ ಸಲ ಯೋಚ್ನೆ ಮಾಡಿ. ಒಂದ್ಸಲ ಮೇಲಕ್ಕೆ ಹೋದ್ರೆ ಮುಗೀತು, ಆಮೇಲೆ ಬಂದು ಕೇಳಿದ್ರೆ ನನ್ ಕೈಲಿಲ್ಲ. ಇಷ್ಟು ಓದಿ, ಏನ್ ಮಾಡ್ತೀರಿ ಮನೇಲಿ?"

ಎಮ್ಮೆ ಇದೆ ಎಂದು ಹೇಳಬಹುದಿತ್ತು. "ಬರೀರಿ ಸಾರ್" ಎಂದಳು. ಅವರು ಬರೆದರು. ಬರೆದು ಶಾಯಿಯ ಮೇಲೆ ಒತ್ತುಕಾಗದ ಒತ್ತಿ, ಒಂದು ಕೆಲಸ ಮುಗಿದ ಹಾಗೆ ಉಸ್ಸೆಂದು ರೇಡಿಯೋವನ್ನು ತಮ್ಮ ಕಡೆಗೆ ಎಳೆದುಕೊಂಡರು. ಚರ್ಮದ ಚೀಲದ ಗುಂಡಿ ನೋಡಿದರು, ಹಿಂದಿನ ಮುಚ್ಚಳ ನೋಡಿದರು. ಎದ್ದು ಬೀರುವಿನ ಪಕ್ಕದ ಮೊಳೆಗೆ ನೇತುಹಾಕಲು ಹೋದವರು ಹಾಗೇ ಕೈಯೆತ್ತಿ ನಿಂತರು. ಹೆಗಲ ಪಟ್ಟಿ ಮೊಳೆಗೆ ಎಟುಕಲಿಲ್ಲ.

"ಪಟ್ಟೀನ ಗಂಟು ಹಾಕಿ ಗಿಡ್ಡ ಮಾಡ್ಬಿಟ್ಟವ್ರೆ ಮೇಷ್ಟ್ರು. ನಡೆಯೋವಾಗ ಅಲ್ಲಾಡ್ಬಾರ್ದು ಅಂತ ಇರ್ಬೇಕು." ಉಗುರಿನಿಂದ ಕೆದಕಿ ನೋಡಿದರು, ಮೇಜಿನ ತುದಿಗೆ ಉಜ್ಜಿದರು. "ನನ್ ಕೈಗೆ ಬರಾಕಿಲ್ಲ ಇದು. ನೀವು ಬಿಚ್ಚಿ ಕೊಟ್ಬಿಡಿ ತಾಯಿ, ಹೆಂಗೈತೋ ಹಂಗೆ ಇದ್ರೆ ಒಳ್ಳೇದು, ತಪಾಸಣೆಯೋರು ಬರ್ತಾರೆ."

ಅವಳು ಅದನ್ನು ಮಡಿಲಿಗೆ ತೆಗೆದುಕೊಂಡಳು. ಗಂಟು ಚಿಕ್ಕದು, ಎಳೆದೆಳೆದು ಗಟ್ಟಿಯಾಗಿ ಕಪ್ಪಾಗಿತ್ತು. ಉಗುರು ಹೋಗಲಿಲ್ಲ. ಪಾತ್ರೆ ತಿಕ್ಕಿ ಉಗುರೂ ಸವೆದಿತ್ತು. ಮುನಿರಾಮಯ್ಯ ಕಿಟಕಿಯಾಚೆ ಮೂಟೆಯ ಕಡೆ ನೋಡುತ್ತಾ ನಿಂತಿದ್ದರು. ಅವಳು ತಲೆ ತಗ್ಗಿಸಿ ಗಂಟನ್ನು ಬಾಯಿಗೆ ತಂದು ಹಲ್ಲಿನಿಂದ ಕಚ್ಚಿ ಎಳೆದಳು. ನಾಲಗೆಗೆ ಉಪ್ಪು ಹತ್ತಿತು. ಬೆವರಿನ ಉಪ್ಪು, ಚರ್ಮದೊಳಗೆ ಇಳಿದು ಒಣಗಿದ್ದು, ಎಂಜಲಿಗೆ ಮತ್ತೆ ಕರಗುತ್ತಿತ್ತು. ಉಗುಳಲು ಎದ್ದು ಹೊರಗೆ ಹೋಗಬೇಕಿತ್ತು, ನುಂಗಿದಳು. ಇನ್ನೊಮ್ಮೆ ಕಚ್ಚಿದಾಗ ಒಂದು ಎಳೆ ಜಾರಿತು, ಆಮೇಲೆ ಉಳಿದದ್ದು ಬೆರಳಿಗೇ ಬಂತು. ಪಟ್ಟಿ ಉದ್ದವಾಗಿ ಬಿಚ್ಚಿಕೊಂಡು ಅವಳ ಮೊಣಕಾಲಿನಿಂದ ಕೆಳಗೆ, ನೆಲದವರೆಗೆ ಇಳಿಯಿತು. ಗಂಟಿದ್ದ ಕಡೆ ಸುಕ್ಕು ಉಳಿದಿತ್ತು. ಅದನ್ನು ಹೆಬ್ಬೆರಳಿನಿಂದ ತೀಡಿ ನೋಡಿದಳು, ಹೋಗಲಿಲ್ಲ. ಎದ್ದು ಎರಡೂ ಕೈಯಲ್ಲಿ ಹಿಡಿದು ಅವರಿಗೆ ಕೊಟ್ಟಳು.